ಸೇವಂತಿಯ ಕುಂಡದ ದೊಡ್ಡಪತ್ರೆ

೧೨ ಆಗಸ್ಟ್ ೨೦೨೫, ಮಂಗಳವಾರ

ನಾಳೆ ನನ್ನ ನಾದಿನಿ ಸೇವಂತಿಯ ಪಾದ ತೆಗೆಯುತ್ತಾರೆ. ಸಕ್ಕರೆ ಕಾಯಿಲೆಯ ಹುಣ್ಣು, ಯಾವ ಆಂಟಿಬಯೋಟಿಕ್‌ಗೂ ಬಗ್ಗಲಿಲ್ಲ.

ಆಂಟಾಪ್ ಹಿಲ್‌ನ ತನ್ನ ಮನೆಯ ಕಿಟಕಿಯಲ್ಲಿ ಅವಳು ಬೆಳೆಸಿದ ದೊಡ್ಡಪತ್ರೆಯ ರಸದಿಂದಲೇ ನಾನು ಲ್ಯಾಬಿನಲ್ಲಿ ಬೆಳ್ಳಿಯ ನ್ಯಾನೊಕಣ ಮಾಡಿದ್ದು. ಅವಳದೇ ಕೀವಿನ ಬ್ಯಾಕ್ಟೀರಿಯಾ ಹಬ್ಬಿದ್ದ ತಟ್ಟೆಯಲ್ಲಿ ಹೋದ ವಾರ ಅದರ ಒಂದು ಹನಿ ಇಟ್ಟಾಗ, ಸುತ್ತಲಿನದೆಲ್ಲ ಸತ್ತು ತಿಳಿಯಾದ ವೃತ್ತ ಮೂಡಿತು. ಫೋಟೊ ತೆಗೆದು ಅವಳಿಗೆ ತೋರಿಸಿದೆ. ತೋರಿಸಬಾರದಿತ್ತು.

ಇವತ್ತು ಅದೇ ಹನಿಯನ್ನು ಮನುಷ್ಯರ ಚರ್ಮದ ಜೀವಕೋಶಗಳಿಗೆ ಹಾಕಿದ್ದರ ಫಲಿತಾಂಶ ಬಂತು. ಅವೂ ಸತ್ತಿವೆ. ತೆಳುವಾಗಿಸಿದರೆ ಚರ್ಮ ಉಳಿಯುತ್ತದೆ, ಬ್ಯಾಕ್ಟೀರಿಯಾವೂ ಉಳಿಯುತ್ತದೆ.

ಸಂಜೆ ಆಸ್ಪತ್ರೆಯಲ್ಲಿ ಅವಳೇ ಕೇಳಿದಳು. "ಅತ್ತಿಗೆ, ನಿಮ್ಮ ಮದ್ದು ಆಯ್ತಾ? ಒಂಚೂರು ಹಚ್ಚಿ ನೋಡುವ. ಹೇಗೂ ಕಡೀತಾರಲ್ಲ."

"ಇನ್ನೂ ಆಗಿಲ್ಲ ಸೇವಂತಿ."

"ನಾವು ತಂಬುಳಿ ಮಾಡಿ ಉಣ್ಣುವ ಸೊಪ್ಪು ಮಾರಾಯ್ರೆ. ಅದೆಂತ ನನ್ನನ್ನು ಕೊಲ್ತದಾ?"

ಅವಳು ನಕ್ಕಳು, ನಾನೂ ನಕ್ಕೆ.

ಹೊರಡುವಾಗ ಮನೆಯ ಕೀಲಿ ಕೊಟ್ಟಳು. "ಕುಂಡಕ್ಕೆ ನೀರು ಹಾಕಿ. ಸೊಪ್ಪು ಬೇಕಾದಷ್ಟು ಕೊಯ್ದುಕೊಳ್ಳಿ, ಮದ್ದಿಗೆ ಬೇಕಲ್ಲ."

ಹೋಗಿ ನೀರು ಹಾಕಿದೆ. ಗಿಡ ಎಂದಿಗಿಂತ ದಟ್ಟವಾಗಿ ಚಿಗುರಿದೆ. ಒಂದೆಲೆಯನ್ನೂ ಕೊಯ್ಯಲಿಲ್ಲ. ಆಮೇಲೆ ಲೋಕಲ್ ರೈಲಿನಲ್ಲಿ ಚೀಲದಲ್ಲಿದ್ದ ಕವನ ಸಂಕಲನ ತೆರೆದೆ. ದಾದರ್‌ನಿಂದ ಜೋಗೇಶ್ವರಿವರೆಗೂ ಒಂದೇ ಪುಟ.

ನಾಳೆ ಅರಿವಳಿಕೆ ಕೊಡುವವರೆಗೂ ಅವಳು ನನ್ನ ದಾರಿ ನೋಡುತ್ತಿರುತ್ತಾಳೆ. ಗಿಡವನ್ನು ಮುಟ್ಟದಿದ್ದರೂ ಕೈಯಲ್ಲಿ ಅದರ ವಾಸನೆ. ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ, ಇನ್ನೂ ಹೋಗಿಲ್ಲ.