ಸೂತಕದ ಎಣ್ಣೆ

ಕೊಟ್ಟೂರು
ನವೆಂಬರ್ 8, 2025

ತಮ್ಮ ಅಮರೇಶನಿಗೆ, ಇನ್ನೂ ಬದುಕಿರುವ ನಿನ್ನ ಅಕ್ಕನ ಆಶೀರ್ವಾದಗಳು.

ಬಲಿಪಾಡ್ಯಮಿಯ ಮರುದಿನ, ಅಕ್ಟೋಬರ್ ಇಪ್ಪತ್ಮೂರರ ಬೆಳಗಾಗುವಷ್ಟರಲ್ಲಿ ನನ್ನನ್ನು ಐದು ಊರುಗಳಲ್ಲಿ ಸಾಯಿಸಿದ್ದರು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆ ಬಸ್ ನಿಲ್ದಾಣದ ಎದುರು ಒಂದೇ ಫ್ಲೆಕ್ಸ್. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ನಡುವೆ ಹಾರ ಹಾಕಿದ ನನ್ನ ಫೋಟೋ, ಕೆಳಗೆ ‘ದುಃಖತಪ್ತ ಕುಟುಂಬ ವರ್ಗ’. ಹೊಸಪೇಟೆಯಲ್ಲಿರುವ ನಿನಗೂ ಯಾರಾದರೂ ಅದನ್ನು ಫೋನಿಗೆ ಕಳಿಸಿರುತ್ತಾರೆ. ಆದರೂ ನೀನು ಮಣ್ಣಿಗೆ ಬರಲಿಲ್ಲ. ಅಕ್ಕ ಸತ್ತಳೆಂದು ತಿಳಿದೂ ತಮ್ಮ ಮಣ್ಣಿಗೆ ಬಾರದಿದ್ದುದು ನನಗೆ ಮೊದಲು ವಿಚಿತ್ರವೆನಿಸಿತು. ಈಗ ಹಾಗೆ ಅನಿಸುತ್ತಿಲ್ಲ.

ಕಾರ್ತಿಕವೆಂದರೆ ನಮ್ಮ ಗಾಣಕ್ಕೆ ಏನೆಂದು ನಿನಗೆ ಹೇಳಬೇಕಿಲ್ಲ. ಈ ಸೀಮೆಯ ಗುಡಿಗಳಲ್ಲಿ ತಿಂಗಳಿಡೀ ಉರಿಯುವುದು ಅಪ್ಪ ಬಂಗಾರಪ್ಪನವರು ಹಾಕಿಸಿದ ಗಾಣದ ಔಡಲೆಣ್ಣೆ. ಈ ಒಂದು ತಿಂಗಳು ಗಾಣ ಸುಮ್ಮನೆ ನಿಂತರೆ ಮುಂದಿನ ವರ್ಷ ಅದಕ್ಕೆ ಹಾಕುವ ಬೀಜ ಕೊಳ್ಳಲು ಹಣವಿರುವುದಿಲ್ಲ, ಬಾಗಿಲು ಹಾಕಬೇಕಾಗುತ್ತದೆ. ಹರಪನಹಳ್ಳಿಯನ್ನು ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, ಆಮೇಲೆ ವಿಜಯನಗರಕ್ಕೆ ಸೇರಿಸಿದರು. ಜಿಲ್ಲೆ ಬದಲಾದಾಗೆಲ್ಲ ಕಚೇರಿಗಳ ಬೋರ್ಡು ಬದಲಾಯಿತೇ ಹೊರತು ಗುಡಿಯ ಎಣ್ಣೆ ಬದಲಾಗಲಿಲ್ಲ. ನನಗೆ ಎಲ್ಲ ನೆನಪಿದೆ. ಆ ಎಣ್ಣೆಯನ್ನು ನಿಲ್ಲಿಸಲು ಒಂದೇ ದಾರಿಯಿತ್ತು. ಸಾವಾದ ಮನೆಯ ಎಣ್ಣೆಯನ್ನು ದೇವರ ದೀಪಕ್ಕೆ ಹೊಯ್ಯುವುದಿಲ್ಲ. ಈ ದಾರಿ ಗೊತ್ತಿರಬೇಕಾದರೆ ಫ್ಲೆಕ್ಸ್ ಹಾಕಿಸಿದವನು ಎಣ್ಣೆಯವರ ಮನೆಯಲ್ಲೇ ಬೆಳೆದಿರಬೇಕು.

ಗುಡೇಕೋಟೆಯ ಎರ್ರೆಮ್ಮ ನಿನಗೆ ನೆನಪಿರಬೇಕು, ನನ್ನ ಜೊತೆ ಓದಿದವಳು. ಈಗ ಕುರಿ ಸಾಕುತ್ತಾಳೆ, ಸಂತೆಗೆ ತಾನೇ ಟಾಟಾ ಏಸ್ ಓಡಿಸಿಕೊಂಡು ಹೋಗುತ್ತಾಳೆ. ಸುದ್ದಿ ಕೇಳಿ ಅಳುತ್ತಾ ಬಂದವಳು ನಾನು ಬಾಗಿಲು ತೆರೆದದ್ದೇ ನನ್ನ ಕೆನ್ನೆಗೆ ಬಾರಿಸಿದಳು. “ಸಾಯಂಗಿದ್ರ ಹೇಳಿ ಸಾಯಬೇಕಲೇ! ನಾನು ತಗಡಿನ ಹಾರ ತರ್ಲಾ, ಹೂವಿನ ಹಾರ ತರ್ಲಾ ಅಂತ ದಾರಿ ತುಂಬ ಯೋಚನಿ ಮಾಡೀನಿ,” ಎಂದಳು. ಮರುದಿನವೇ ಇಬ್ಬರೂ ಎಣ್ಣೆ ಡಬ್ಬಗಳನ್ನು ಏರಿಸಿಕೊಂಡು ಹೊರಟೆವು. ಹಿಂದೆ ಡಬ್ಬಗಳ ನಡುವೆ ಹಡಗಲಿಯ ಯಾರಿಗೋ ತಲುಪಿಸಬೇಕಾದ ಅವಳ ಒಂದು ಟಗರು. ಫ್ಲೆಕ್ಸುಗಳನ್ನು ಬಿಚ್ಚುವುದು, ಬದುಕಿದ್ದೇನೆಂದು ಮುಖ ತೋರಿಸುವುದು, ಎಣ್ಣೆ ಇಳಿಸುವುದು. ಇದು ಇಷ್ಟು ಸುಲಭವೆಂದು ನಾವು ತಿಳಿದಿದ್ದೆವು.

ಕೂಡ್ಲಿಗಿಯಲ್ಲಿ ಗುಡಿ ಕಮಿಟಿಯ ದೊಡ್ಡಬೀರಪ್ಪ ಎದ್ದು ನಿಂತು ನನಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಆಮೇಲೆ ತಲೆ ತಗ್ಗಿಸಿ, “ಈ ತಿಂಗಳ ಎಣ್ಣಿ ಬ್ಯಾಡ್ರಿ ಅಕ್ಕಾರ. ಸೂತಕ ಐತಿ,” ಎಂದ.

ಯಾರ ಸೂತಕ ಎಂದು ಕೇಳಿದೆ.

“ನಿಮ್ದರೀ.”

ಎರ್ರೆಮ್ಮ ಹೊರಗೆ ಹೋಗಿ ಮಂಡಕ್ಕಿ ಮಿರ್ಚಿ ತಂದು ನನ್ನ ಮುಂದಿಟ್ಟು, “ತಿನ್ನಲೇ,” ಎಂದಳು. ತಿಂದೆ. “ನೋಡಪ ದೊಡ್ಡಬೀರ, ಹೆಣ ಎಲ್ಲ್ಯಾರ ಮಿರ್ಚಿ ತಿಂತೈತಾ? ಖಾರ ಹತ್ತಿ ಮೂಗು ಒರಸ್ಕೊಳ್ಳಾಕತ್ಯಾಳ!” ದೊಡ್ಡಬೀರಪ್ಪ ನಾನು ತಿನ್ನುವುದನ್ನು ಕೊನೆಯವರೆಗೂ ನೋಡಿದ. “ತಿನ್ನೋದೇನೋ ಖರೇ ಐತಿ. ಆದ್ರ ಬೋರ್ಡ್ ಹಾಕ್ಯಾರಲ್ರಿ. ಸುಮ್ನ ಯಾರ ಹಾಕ್ತಾರ?” ಎಂದ.

ಹಗರಿಬೊಮ್ಮನಹಳ್ಳಿಗೆ ಬರುವಷ್ಟರಲ್ಲಿ ಎರ್ರೆಮ್ಮ ಬೇರೆ ಉಪಾಯ ಹುಡುಕಿದ್ದಳು. ದೆವ್ವದ ಹತ್ತಿರ ಕುರಿ ನಿಲ್ಲುವುದಿಲ್ಲವೆಂಬುದು ಕುರಿಯವರ ನಂಬಿಕೆ. ಕಿರಾಣಿ ಅಂಗಡಿಯ ಅರುಣಕುಮಾರನ ಮುಂದೆ ಟಗರನ್ನು ಇಳಿಸಿ ನನ್ನ ಕೈಗೆ ಉಪ್ಪು ಹಚ್ಚಿದಳು. ಅದು ಚೆನ್ನಾಗಿ ನೆಕ್ಕಿತು. “ಸರ್ಕಾರದ ಸರ್ಟಿಫಿಕೇಟ್ ಬೇಕೇನು? ಇದರ ನಾಲಿಗೀನ ಸೀಲು!” ಎಂದಳು. ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಅರುಣಕುಮಾರ ಡಬ್ಬ ಇಳಿಸಿಕೊಂಡ. ಗಾಡಿಯೊಳಗೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಪ್ರಯಾಣದಲ್ಲಿ ನಾನು ನಕ್ಕದ್ದು ಅದೇ ಕೊನೆ.

ಬಿಚ್ಚಿದ ಫ್ಲೆಕ್ಸುಗಳನ್ನು ಡಬ್ಬಗಳ ಮೇಲೆ ಹೊದಿಸಿದ್ದೆವು. ನನ್ನ ಮುಖ ಮೇಲಾಗಿತ್ತೆಂದು ಹಡಗಲಿ ಸೇರುವವರೆಗೂ ಗಮನಿಸಿರಲಿಲ್ಲ. ಮಟಮಟ ಮಧ್ಯಾಹ್ನ. ಪೇಟೆಯ ಜನ ಒಬ್ಬರಾದ ಮೇಲೊಬ್ಬರು ಬದಿಗೆ ಸರಿದು ದಾರಿ ಬಿಟ್ಟರು. ಗಂಡಸರು ತಲೆಯ ಟವಲು ತೆಗೆದರು. ಮಲ್ಲಿಗೆ ಮಾರುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದು ಒಂದು ಮಾರು ಹೂವನ್ನು ಗಾಡಿಯ ಮೇಲಿಟ್ಟಳು. ನಾನು ಕಿಟಕಿಯಿಂದ ಹಣ ಚಾಚಿದೆ. ಅವಳು ನನ್ನ ಕೈಯನ್ನು ನೋಡಲಿಲ್ಲ, ಆಚೆ ಕೂತ ಎರ್ರೆಮ್ಮನಿಗೆ ಹೇಳಿದಳು: “ಹೋದವರ ಗಾಡಿಗೆ ರೊಕ್ಕ ತಗೊಳ್ಳಂಗಿಲ್ಲವ್ವ.”

ನಾನು ಇಳಿದು, ನಾನೇ ಶಾಂತಕುಮಾರಿ, ಕೊಟ್ಟೂರಿನ ಗಾಣದವಳು ಎಂದು ಕೂಗಿ ಹೇಳಿದೆ. ಯಾರೂ ತಿರುಗಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ದನಿ ನನ್ನದು, ಅಮರೇಶ, ಕೇಳಿಸದಿರುವುದಿಲ್ಲ. ಎರ್ರೆಮ್ಮ ಟಗರನ್ನು ಇಳಿಸಿದಳು. ಉಪ್ಪು ಹಚ್ಚಿದ ಕೈ ಚಾಚಿದೆ. ಅದು ಕಿವಿ ನಿಮಿರಿಸಿ ನನ್ನನ್ನೇ ನೋಡಿತು. ಆಮೇಲೆ ಹಿಂದೆ ಹಿಂದೆ ಸರಿಯಿತು, ಹಗ್ಗ ಬಿಗಿಯುವವರೆಗೆ. ಎರ್ರೆಮ್ಮ ಬೈದಳು, ಎಳೆದಳು. ಅದರ ಮೈ ನಡುಗುತ್ತಿತ್ತು. ಫ್ಲೆಕ್ಸಿನ ಬಣ್ಣದ ವಾಸನೆ ನನ್ನ ಕೈಗೆ ಹತ್ತಿರಬಹುದು. ಹಾಗೆಂದು ನಾನು ಹೇಳಿದೆ. ಅವಳು ಟಗರನ್ನು ತಲುಪಿಸಬೇಕಾದವರ ಮನೆಗೆ ಎಳೆದುಕೊಂಡು ಹೋದಳು.

ಹರಪನಹಳ್ಳಿಯ ದಾರಿ ಹಿಡಿದೆವು. ಗೇರು ಬದಲಿಸುವಾಗಲೆಲ್ಲ ಎರ್ರೆಮ್ಮನ ಕೈ ನನ್ನ ಮೊಣಕೈಗೆ ತಾಗುತ್ತಿತ್ತು. ತಾಗುತ್ತಿಲ್ಲ, ಮುಟ್ಟಿ ನೋಡುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಏನದು ಎಂದು ಕೇಳಿದೆ. “ತಣ್ಣಗದೀ,” ಎಂದಳು. ಗಾಳಿಗೆ ಎಂದೆ. “ನನಗೂ ಅದ ಗಾಳಿ ಐತಲ್ಲಲೇ,” ಎಂದಳು. ಕಿಟಕಿಯ ಗಾಜು ಏರಿಸಿ ನನ್ನ ನಾಡಿಯನ್ನು ನಾನೇ ಹಿಡಿದು ಕೂತೆ. ಇಷ್ಟು ಓದಿಕೊಂಡವಳು ಆ ಸ್ಥಿತಿಗೆ ಬಂದಿದ್ದೆ.

ಫ್ಲೆಕ್ಸಿನ ಮೂಲೆಯಲ್ಲಿ ಅಚ್ಚು ಹಾಕಿದವರ ಫೋನ್ ನಂಬರಿತ್ತು. ಹರಪನಹಳ್ಳಿಯ ಪಾಲಾಕ್ಷ. ಅವನ ಅಂಗಡಿಗೆ ಹೋದೆವು. ನನ್ನನ್ನು ಕಂಡು ಕುರ್ಚಿಸಮೇತ ಹಿಂದಕ್ಕೆ ಸರಿದ. ಎರ್ರೆಮ್ಮ ಅವನ ಕೈಗೆ ಒಂದೇಟು ಕೊಟ್ಟು, “ಹೆದರಬ್ಯಾಡ, ಈಕಿ ಬಿಲ್ ಕೇಳಾಕ ಬಂದಿಲ್ಲ,” ಎಂದಳು. ಅವನು ಕಂಪ್ಯೂಟರಿನಲ್ಲಿ ಮೂಲ ಫೋಟೋ ತೆರೆದ. ಗಾಣಕ್ಕೆ ಹೊಸ ಮೋಟಾರು ಕೂರಿಸಿದ ದಿನದ್ದು. ನಾನು ನಿಂತಿದ್ದೇನೆ, ಪಕ್ಕದಲ್ಲಿ ನೀನು, ನಿನ್ನ ಬಲಗೈ ನನ್ನ ಹೆಗಲ ಮೇಲೆ. ಆ ಫೋಟೋ ಇರುವುದು ನಿನ್ನ ಫೋನಿನಲ್ಲಿ ಮಾತ್ರ. ನನಗೆ ಕಳಿಸೆಂದು ಎಷ್ಟು ಸಲ ಕೇಳಿದ್ದೆ.

“ಅವ್ರನ್ನ ತೆಗ್ದೆ ಮೇಡಂ. ಕೈ ತೆಗಿಯಾಕೆ ಹೋದ್ರೆ ನಿಮ್ ಹೆಗ್ಲೇ ಹೋಗ್ತಿತ್ತು. ಅದಕ್ಕೆ ಹಾರದ ಕೆಳಗೆ ಮುಚ್ಚೀನಿ,” ಎಂದ ಪಾಲಾಕ್ಷ. ಐದು ಊರುಗಳಲ್ಲೂ ಆ ಹಾರದಡಿಯಲ್ಲಿ ನಿನ್ನ ಕೈ ಇತ್ತು. ಅವನು ಇನ್ನೊಂದನ್ನೂ ತೋರಿಸಿದ. ಮುಂದಿನ ಕಾರ್ತಿಕಕ್ಕೆ ‘ಪ್ರಥಮ ವರ್ಷದ ಪುಣ್ಯಸ್ಮರಣೆ’. ಅದೂ ತಯಾರಾಗಿತ್ತು.

ಈ ಊರುಗಳಿಗೆಲ್ಲ ಪ್ಯಾಕೆಟ್ಟಿನ ದೀಪದ ಎಣ್ಣೆಯ ಏಜೆನ್ಸಿ ನೀನು ಹಿಡಿದೆಯೆಂದು ದಸರಾದಲ್ಲೇ ಕೇಳಿದ್ದೆ. ವ್ಯಾಪಾರಕ್ಕೆ ವ್ಯಾಪಾರ ಎದುರಾಗಲಿ, ನನ್ನ ತಕರಾರಿಲ್ಲ. ಮನೆಯೊಳಗೆ ಕೂತು ಕ್ಷಮೆ ಕೇಳುವುದೂ ಬೇಡ. ನನ್ನನ್ನು ಬಸ್ ನಿಲ್ದಾಣದ ಎದುರು ಸಾಯಿಸಿದ್ದೀಯ, ಉತ್ತರವನ್ನೂ ಅಲ್ಲೇ ಕೊಡಬೇಕು. ಕಾರ್ತಿಕದ ಕಡೆಯ ಸೋಮವಾರ, ನವೆಂಬರ್ ಹದಿನೇಳರಂದು ಕೊಟ್ಟೂರಿನ ನಿಲ್ದಾಣಕ್ಕೆ ಬಾ. ಗುಡಿ ಕಮಿಟಿಯವರನ್ನೆಲ್ಲ ಕರೆಸುತ್ತೇನೆ. ಹಾಕಿಸಿದ್ದು ನೀನಲ್ಲವಾದರೆ ಅದನ್ನೂ ಅವರೆದುರಿಗೇ ಹೇಳು.

ನಿನ್ನ ಅಕ್ಕ,
ಶಾಂತಕುಮಾರಿ

ತಾ.ಕ.: ತಂಬ್ರಹಳ್ಳಿಯ ದಾರಿಯಲ್ಲಿ ಬೇವಿನ ಮರಕ್ಕೆ ಇನ್ನೊಂದು ಫ್ಲೆಕ್ಸ್ ಕಟ್ಟಿಸಿದ್ದೀಯ. ಮೊನ್ನೆ ಒಬ್ಬಳೇ ಬಿಚ್ಚಲು ಹೋದೆ. ಅದರ ಕೆಳಗೆ ದೀಪ ಉರಿಯುತ್ತಿತ್ತು, ವಾಸನೆಯಿಂದಲೇ ಗೊತ್ತಾಯಿತು, ನಮ್ಮ ಎಣ್ಣೆ, ಅರುಣಕುಮಾರನ ಅಂಗಡಿಯಲ್ಲಿ ಇಳಿಸಿದ್ದು. ಇಡೀ ಸೀಮೆಯಲ್ಲಿ ಈಗ ಅದು ಉರಿಯುವುದು ಅಲ್ಲೊಂದೇ ಕಡೆ. ಗಾದೆಮ್ಮ ಎಂಬ ಮುದುಕಿ ಬತ್ತಿ ಸರಿಮಾಡುತ್ತಾ, “ಬಾಳ ಒಳ್ಳ್ಯಾಕಿ ಇದ್ಲಂತವ್ವ. ದೀಪ ಹಚ್ಚಾಕತ್ತಿದ ಮ್ಯಾಲ ನನ್ನ ಮೊಣಕಾಲ ನೋವು ಹೋಗೇತಿ. ನೀನೂ ಕೈ ಮುಗಿ,” ಎಂದಳು. ನನ್ನ ಮುಖ ನೋಡಿಯೇ ಹೇಳಿದಳು. ನಾನು ಕೈ ಮುಗಿದೆ, ಅಮರೇಶ. ಹಗ್ಗ ಬಿಚ್ಚಲು ನನ್ನ ಕೈ ಏಳಲಿಲ್ಲ. ಎರ್ರೆಮ್ಮನಿಗೂ ಇದನ್ನು ಹೇಳಿಲ್ಲ. ಅದೊಂದನ್ನು ನೀನೇ ಬಂದು ಬಿಚ್ಚಬೇಕು. ಹಾಡಹಗಲಿನಲ್ಲಿ, ಜನ ನೋಡುತ್ತಿರುವಾಗ. ಬಿಚ್ಚಿದ ಮೇಲೆ ಅವರ ಕಡೆ ತಿರುಗಿ, ನನ್ನನ್ನು ತೋರಿಸಿ ಹೇಳು, ಇವಳು ಯಾರೆಂದು.