ನನ್ನ ಅಳತೆಯ ಸೈಕಲ್

ಗುರುವಾರ, ೧೪. ಅಣ್ಣ ಇವತ್ತು ನನ್ನನ್ನು ಕೇಳದೆ ನನ್ನ ಹೊಸ ಸೈಕಲ್ಲಿನ ಸೀಟನ್ನು ಎರಡು ಇಂಚು ಎತ್ತಿದ್ದ.

ಸೈಕಲ್ ಮನೆಗೆ ಬಂದು ನಾಲ್ಕೇ ದಿನ. ಹಾಳು ರಸ್ತೆಯಲ್ಲೂ ಕೈ ಜೋಮು ಹಿಡಿಯುವುದಿಲ್ಲ. ಉಕ್ಕಿನ ಕೊಳವೆಗಳು ಕುಲುಕಾಟವನ್ನೆಲ್ಲ ನುಂಗಿ ಬೆರಳಿಗೆ ಸಣ್ಣ ಕಂಪನವನ್ನಷ್ಟೇ ಕಳಿಸುತ್ತವೆ. ಏರಿನಲ್ಲಿ ತುಳಿದರೆ ತಕರಾರಿಲ್ಲದೆ ಮುನ್ನುಗ್ಗುತ್ತದೆ. ಅಳತೆ ಕೊಡುವಾಗ ನಾನು ಸೆಟೆದು ನಿಂತದ್ದನ್ನು ನೋಡಿ, ಸೈಕಲ್ ಕಟ್ಟಿಕೊಟ್ಟ ಮೇಸ್ತ್ರಿ ನಕ್ಕಿದ್ದರು: "ಉದ್ದ ಕಾಣ್ಬೇಕು ಅಂತ ನಿಲ್ಬೇಡಮ್ಮ. ಇರೋ ಹಾಗೆ ನಿಲ್ಲು, ಅಷ್ಟಕ್ಕೇ ಕಟ್ತೀನಿ."

ಅಕ್ಕನ ಅಂಗಿ, ಅಣ್ಣನ ಬೂಟು, ಚಿಕ್ಕಮ್ಮನ ಹಳೇ ಕನ್ನಡಕದ ಫ್ರೇಮಿನಲ್ಲೇ ಎಂ.ಎ. ಮುಗಿಸಿದವಳು ನಾನು.

"ಸೀಟು ಇಳಿಸು," ಅಂದೆ. ಈ ಮನೆಯಲ್ಲಿ ನಾನು ಹಾಗೆಲ್ಲ ಹೇಳುವವಳಲ್ಲ. ಆದರೂ ಅಂದೆ.

"ಅಯ್ಯೋ, ಇಲಿಮರಿಗೆ ಬಾಯಿ ಬಂತಲ್ಲಪ್ಪ!" ಅಂದ ಅಣ್ಣ.

ಅಡುಗೆಮನೆಯಿಂದ ಅಮ್ಮ: "ಅವನೂ ಓಡಿಸ್ಲಿ ಬಿಡೇ. ಸವೆದುಹೋಗುತ್ತಾ?"

"ಇಲ್ಲಮ್ಮ, ಇದನ್ನ ಯಾರಿಗೂ ಕೊಡಲ್ಲ."

ಸೀಟಿನ ಬೋಲ್ಟು ಸಡಿಲಿಸಲು ಅಲೆನ್ ಕೀ ತಂದು ನಾನೇ ಇಳಿಸಿದೆ. ಅಮ್ಮ ಇನ್ನೂ ಮುನಿಸಿಕೊಂಡಿದ್ದಾಳೆ. ನಾಳೆ ಐದಕ್ಕೇ, ಯಾರೂ ಏಳುವ ಮೊದಲು, ಸದ್ದಿಲ್ಲದೆ ಹೊರಡೋಣ ಎಂದುಕೊಂಡಿದ್ದೆ. ಬೇಡ. ಎಲ್ಲರೂ ಎದ್ದು ಹಜಾರದಲ್ಲಿ ಕೂತಿರುವಾಗ ಅವರ ನಡುವಿನಿಂದಲೇ ತಳ್ಳಿಕೊಂಡು ಹೋಗುತ್ತೇನೆ. ನೋಡಲಿ. ಅಣ್ಣ ಏನಾದರೂ ಅಂದರೆ ಬೆಲ್ ಹೊಡೆದು ಹೊರಟುಬಿಡುತ್ತೇನೆ.