ಏಳದ ಗೆರೆ

ಪ್ರಯೋಗಾಲಯ, ಎರಡನೇ ಮಹಡಿ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಡಲ ಪ್ರಯಾಣ ಹೇಗಿತ್ತು? ಹೊಟ್ಟೆ ತೊಳಸಿತೇ? ಹಡಗು ಹತ್ತುವ ಮುನ್ನ ಏನೂ ತಿನ್ನಬೇಡ ಎಂದರೆ ನೀನು ಕೇಳುವವಳಲ್ಲ. ಖಾಲಿ ಹೊಟ್ಟೆಯಲ್ಲಿ ಕೂತರೆ ವಾಂತಿಗಾದರೂ ಏನು ಉಳಿಯಿತು ಎಂಬುದು ನಿನ್ನ ವಾದ. ಮಂಡಿ ಹೇಗಿದೆ? ಬಂದರಿನಿಂದ ಅಮ್ಮನಿರುವಲ್ಲಿಯವರೆಗೆ ನಡೆದೇ ಬಂದಿರುತ್ತೀ ಎಂದು ನನಗೆ ಗುಮಾನಿ. ನನಗೆ ಬೆನ್ನು ಬಿಟ್ಟರೆ ಬೇರೆ ದೂರಿಲ್ಲ. ಅಮ್ಮ ಇದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಚ್ಚಿದ ಗೇಟಿನ ಮುಂದೆ ನಿಂತು ತಮ್ಮನ ಪತ್ರ ಬಿಚ್ಚುವವಳಿಗೆ ಮೊದಲು ಹೊಳೆಯುವುದು ಬೇರೆಯದೇ ಆದ್ದರಿಂದ. ಅಮ್ಮ ಇದ್ದಾಳೆ, ನಿನ್ನೆ ಅರ್ಧ ಬಟ್ಟಲು ಸೂಪು ಕುಡಿದಿದ್ದಾಳೆ.

ಗೇಟು ಮುಚ್ಚಿಸಿದವನು ನಾನು. ಹಾಸ್ಟೆಲಿನಲ್ಲಿ (ವೃದ್ಧಾಶ್ರಮ ಎಂದರೆ ಅಮ್ಮನಿಗೆ ಸಿಟ್ಟು, ನಾವೆಲ್ಲರೂ ಈಗ ಹಾಸ್ಟೆಲ್ ಎಂದೇ ಕರೆಯುತ್ತೇವೆ) ಕೆಳಗಿನ ಮಹಡಿಯ ಆಯಾ ಒಬ್ಬಳಿಗೆ ನೆಗಡಿ, ಮೈ ಬಿಸಿ. ಅವಳ ಮೂಗಿನ ದ್ರವ ಇವತ್ತು ಬೆಳಿಗ್ಗೆ ನಮ್ಮ ಮೇಜಿಗೆ ಬಂತು. ಇಂಥ ನೆಗಡಿ ಊರಿನಲ್ಲಿ ನೂರು ಮಂದಿಗಿದೆ. ವೈರಾಣುವಿನ ಹಳೆಯ ತಳಿಯಾದರೆ ಮುಖಗವಸು ಹಾಕಿಕೊಂಡು ಭೇಟಿಗೆ ಬಿಡುತ್ತಾರೆ. ಹೊಸ ರೂಪಾಂತರಿಯಾದರೆ ಬಾಗಿಲು ಬಂದ್, ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಊಟದ ಹೊತ್ತಿಗೆ ನನಗೆ ಉತ್ತರ ಸಿಕ್ಕಿತ್ತು. ಅಷ್ಟರಲ್ಲಿ ನೀನು ಹಡಗು ಹತ್ತಿಯಾಗಿತ್ತು. ನಿನ್ನ ಫೋನು ಸಿಗಲಿಲ್ಲ. ದಡ ಮುಟ್ಟಿದ ಮೇಲೂ ಅದು ಚೀಲದ ತಳದಲ್ಲಿ, ಸೀರೆಗಳ ಕೆಳಗೆ, ಕಣ್ಣು ಮುಚ್ಚಿಕೊಂಡೇ ಇರುತ್ತದೆಂದು ನನಗೆ ಗೊತ್ತು. ಅದಕ್ಕೇ ಈ ಪತ್ರ. ಸ್ಯಾಂಪಲ್ ಪೆಟ್ಟಿಗೆ ತರುವ ಡ್ರೈವರ್ ಮರಳಿ ಹೋಗುವಾಗ ಇದನ್ನು ಗೇಟಿನವನ ಕೈಗೆ ಕೊಡುತ್ತಾನೆ.

ನನ್ನ ಕೆಲಸ ಏನೆಂದು ನೀನು ಕೇಳಿದಾಗಲೆಲ್ಲ ‘ಈ ನಳಿಗೆಯಿಂದ ಆ ನಳಿಗೆಗೆ ನೀರು ಸುರಿಯುವುದು’ ಎಂದು ಜಾರಿಕೊಂಡಿದ್ದೇನೆ. ಇವತ್ತು ಹೇಳಬೇಕು. ಅಪ್ಪ ಬಸ್ ಡಿಪೋದಿಂದ ಮನೆಗೆ ಬರುತ್ತಿದ್ದ ಸಂಜೆಗಳನ್ನು ನೆನಪಿಸಿಕೋ. ನಾವಿಬ್ಬರೂ ಹಿಂದಿನ ಕೋಣೆಯಲ್ಲಿ, ಬಾಗಿಲು ನಮಗೆ ಕಾಣುವುದಿಲ್ಲ. ಮೊದಲು ಗೇಟಿನ ಚಿಲಕ, ಆಮೇಲೆ ಮೆಟ್ಟಿಲಿಗೆ ಬೂಟು ಕುಟ್ಟಿ ಧೂಳು ಕೊಡವುವ ಸದ್ದು, ಆಮೇಲೆ ಸಿಳ್ಳೆ. ಮೂರೂ ಕೇಳಿದರೆ ಅಪ್ಪ ಎಂದಿನ ಅಪ್ಪ. ಚಿಲಕ ಕೇಳಿ, ಬೂಟು ಕೇಳಿ, ಸಿಳ್ಳೆ ಬಾರದಿದ್ದ ದಿನ ನೀನು ಆಟದ ಕಾಯಿಗಳನ್ನು ಒಂದೇ ಬಾಚಿಗೆ ಡಬ್ಬಕ್ಕೆ ತುಂಬಿ, ‘ಇವತ್ತು ಸವಾರಿ ಸರಿ ಇಲ್ಲ ಕಣೋ, ಪುಸ್ತಕ ತೆಗಿ’ ಅನ್ನುತ್ತಿದ್ದೆ. ಬಂದವನು ಅಪ್ಪನೇ, ಆದರೆ ಬೇರೆ ಅಪ್ಪ. ಎಷ್ಟು ಬೇರೆ ಎಂಬುದು ಊಟಕ್ಕೆ ಕುಳಿತಾಗಲೇ ತಿಳಿಯುವುದು. ನಮ್ಮ ಪರೀಕ್ಷೆಯೂ ವೈರಾಣುವನ್ನು ಮೂರು ಕಡೆ ಮುಟ್ಟಿ ನೋಡುತ್ತದೆ. ಬ್ರೆಡ್ಡಿನ ಡಬ್ಬದಷ್ಟೇ ದೊಡ್ಡ ಯಂತ್ರ ಬಿಸಿಯಾಗುತ್ತ ತಣ್ಣಗಾಗುತ್ತ ಇರುತ್ತದೆ, ಪರದೆಯ ಮೇಲೆ ಗೆರೆಗಳು ನೆಲದಿಂದ ನಿಧಾನವಾಗಿ ಏಳುತ್ತವೆ. ಹಳೆಯ ತಳಿಗೆ ಮೂರೂ ಏಳುತ್ತವೆ. ಹೊಸದರ ಮೈಯಲ್ಲಿ ಒಂದು ಜಾಗ ಬದಲಾಗಿದೆ. ಅಲ್ಲಿ ನಮ್ಮ ಕೈಗೆ ಏನೂ ತಗಲುವುದಿಲ್ಲ, ಆ ಗೆರೆ ಮಲಗಿದಲ್ಲೇ ಮಲಗಿರುತ್ತದೆ. ಇವತ್ತು ಎರಡು ಎದ್ದವು.

ನನ್ನ ಜೊತೆ ಕೆಲಸ ಮಾಡುವ ಹುಡುಗಿ ಪರದೆಗೆ ಮೂಗು ತಾಗಿಸಿ ನೋಡಿ, ‘ಮೂರನೇದಕ್ಕೆ ಮುನಿಸು ಬಂದಿದೆಯೇನೋ ಸಾರ್, ಇನ್ನೊಂದ್ಸಲ ಕರೆದು ನೋಡೋಣ’ ಅಂದಳು. ಕರೆದೆವು. ಹೊಸ ಕೈಗವಸು, ಹೊಸ ನಳಿಗೆ, ಮೊದಲಿನಿಂದ. ಬರಲಿಲ್ಲ. ಅವಳಿಗೆ ಅಮ್ಮ ಅಲ್ಲಿರುವುದು ಗೊತ್ತು. ಎದ್ದು ಹೋಗಿ, ತೊಳೆದಿಟ್ಟಿದ್ದ ಬೀಕರುಗಳನ್ನೇ ಮತ್ತೆ ತೊಳೆಯತೊಡಗಿದಳು.

ಅಕ್ಕಾ, ನಿಯಮದಲ್ಲಿ ಒಂದು ಸಂದು ಇದೆ. ಅನುಮಾನವಿದ್ದರೆ ಸ್ಯಾಂಪಲನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿ, ಅವರು ವೈರಾಣುವನ್ನು ತಲೆಯಿಂದ ಬಾಲದವರೆಗೆ ಓದಿ ಹೇಳುವ ತನಕ ಕಾಯಬಹುದು. ಅದಕ್ಕೆ ದಿನಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಗೇಟು ತೆರೆದಿರುತ್ತದೆ. ನೀನು ಶನಿವಾರ ಬರುವವಳು. ಕಾದಿದ್ದರೆ ನನ್ನನ್ನು ಯಾರೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಎಚ್ಚರಿಕೆಯ ಮನುಷ್ಯ ಎಂದು ಹೊಗಳುವವರೂ ಇದ್ದಾರೆ. ನನಗೆ ಅನುಮಾನವಿರಲಿಲ್ಲ, ಅಷ್ಟೆ. ಆದರೂ ಫೋನನ್ನು ಎದುರಿಗಿಟ್ಟುಕೊಂಡು ಸುಮಾರು ಹೊತ್ತು ಕುಳಿತಿದ್ದೆ. ಕಿಟಕಿಯಾಚೆ ಗೋಡೆಗೆ ಬಣ್ಣ ಬಳಿಯುವವರು ಏಣಿಯನ್ನು ಅತ್ತಿಂದಿತ್ತ ಸಾಗಿಸುತ್ತಿದ್ದರು. ನಾನು ಯೋಚಿಸುತ್ತಿದ್ದದ್ದು ಅಮ್ಮನನ್ನಲ್ಲ, ಅಪ್ಪ ಮಲಗಿದ್ದ ಆಸ್ಪತ್ರೆಯ ವಾರ್ಡನ್ನು.

ಆ ವಾರ್ಡು ನಮ್ಮ ಬದುಕಿನ ಒಳ್ಳೆಯ ದಿನಗಳಲ್ಲಿ ಒಂದು ಎಂದರೆ ಬೇರೆ ಯಾರಾದರೂ ನನ್ನ ಮುಖ ನೋಡುತ್ತಾರೆ, ನೀನು ನೋಡುವುದಿಲ್ಲ. ಆಗಲೂ ಹೊಸದೊಂದು ಬಂದಿತ್ತು, ಅಪ್ಪನಿಗೆ ಹತ್ತಿದ್ದು ಅದೇ, ಆದರೆ ಯಾರಿಗೂ ಗೊತ್ತಿರಲಿಲ್ಲ. ಅವನ ಸ್ಯಾಂಪಲ್ ಐಸಿನ ಪೆಟ್ಟಿಗೆಯಲ್ಲಿ ಕುಳಿತು ದೂರದ ಊರಿಗೆ ಹೋಗಿತ್ತು. ಅದು ಅಲ್ಲಿ ಸಾಲಿನಲ್ಲಿ ಕಾಯುತ್ತಿದ್ದಷ್ಟು ದಿನ ನಮಗೆ ಬಾಗಿಲು ತೆರೆದಿತ್ತು. ನೀನು ಅಪ್ಪನ ತಲೆ ಬಾಚಿದೆ, ಉಗುರು ಕತ್ತರಿಸಿದೆ, ಕಿತ್ತಳೆ ಸುಲಿದು ಎಳೆ ತೆಗೆದು ತೊಳೆ ತೊಳೆಯಾಗಿ ಬಾಯಿಗಿಟ್ಟೆ. ಅವನು ಕಣ್ಣು ಮುಚ್ಚಿಕೊಂಡು ತನ್ನ ಬಸ್ಸು ಓಡಿಸುತ್ತಿದ್ದ. ಗಡಿಯಾರದ ಕಂಬ, ಹಿಟ್ಟಿನ ಗಿರಣಿ, ಹಳೇ ಸೇತುವೆ. ಒಂದೊಂದು ನಿಲ್ದಾಣಕ್ಕೂ ಬಲಗಾಲು ಹೊದಿಕೆಯ ಕೆಳಗೆ ಬ್ರೇಕು ಒತ್ತುತ್ತಿತ್ತು. ನೀನು ಕಂಡಕ್ಟರಾಗಿ ‘ರೈಟ್, ರೈಟ್’ ಅನ್ನಬೇಕು, ಇಲ್ಲದಿದ್ದರೆ ಬಸ್ಸು ಹೊರಡುತ್ತಿರಲಿಲ್ಲ. ಪಕ್ಕದ ಹಾಸಿಗೆಯ ದರ್ಜಿ, ಉಬ್ಬಸಕ್ಕೆಂದು ಬಂದು ಮಲಗಿದ್ದವನು, ಗಿರಣಿ ಬಂದಾಗಲೆಲ್ಲ ಎದ್ದು ಕುಳಿತು, ‘ಇಳಿಸ್ರೀ ಡ್ರೈವರೇ, ನಮ್ಮನೆ ಬಂತು’ ಅನ್ನುತ್ತಿದ್ದ. ಅಪ್ಪ ಕಣ್ಣು ಬಿಡದೆ, ‘ನಿಮ್ಮನೆ ಮುಂದೆಲ್ಲಾ ನಿಲ್ಸೋಕೆ ಇದೇನು ನಿಮ್ಮ ಮಾವ ಕೊಡ್ಸಿದ ಗಾಡಿಯೇನ್ರೀ, ಸ್ಟಾಪಲ್ಲಿ ಇಳೀರಿ’ ಎಂದು ಗದರುತ್ತಿದ್ದ. ದರ್ಜಿಯ ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ನೀನು ಸುಲಿದ ಆ ಕಿತ್ತಳೆಗಳು ಅವಳು ತಂದವು.

ಅಪ್ಪ ಹೋದಾಗ ಅವನ ಕೈ ನಿನ್ನ ಕೈಯಲ್ಲಿತ್ತು. ಫಲಿತಾಂಶ ಬಂದದ್ದು ಅದಾದ ಮೇಲೆ, ವಾರ್ಡು ಮುಚ್ಚಿದ್ದು ಆ ಮೇಲೆ. ದರ್ಜಿ ಒಳಗೇ ಉಳಿದ. ಅವನಿಗೂ ಹತ್ತಿತ್ತು, ಎಲ್ಲಿಂದ ಎಂದು ಯಾರೂ ಕೇಳಲಿಲ್ಲ, ಎರಡು ಹಾಸಿಗೆಗಳ ನಡುವೆ ಒಂದು ಸ್ಟೂಲು ಹಿಡಿಸುವಷ್ಟು ಜಾಗವಿತ್ತು. ಅಪ್ಪನ ಬಟ್ಟೆಬರೆ ತರಲು ನಾನು ಹೋದ ದಿನ ಅವನ ಹೆಂಡತಿ ಮೆಟ್ಟಿಲ ಮೇಲೆ ಕುಳಿತಿದ್ದಳು, ಮಡಿಲಲ್ಲಿ ಊಟದ ಡಬ್ಬಿ. ಒಳಗೆ ಬಿಡುತ್ತಿರಲಿಲ್ಲ. ನನ್ನನ್ನು ನೋಡಿ, ‘ನಿಮ್ಮ ತಂದೆಗೆ ನೀವಾದ್ರೂ ಇದ್ರಿ, ಪುಣ್ಯವಂತರು’ ಎಂದಳು. ಅದರಲ್ಲಿ ಕಹಿ ಇರಲಿಲ್ಲ, ನಾನು ಹುಡುಕಿದೆ. ಆ ವಾರ ದರ್ಜಿಯೂ ಹೋದ. ಅವಳು ಅವನನ್ನು ನೋಡಲಿಲ್ಲ. ಇದನ್ನು ನಾನು ನಿನಗೆ ಹೇಳಿರಲಿಲ್ಲ, ನೀನು ಅಷ್ಟರಲ್ಲಿ ದ್ವೀಪದ ಶಾಲೆಗೆ ಮರಳಿದ್ದೆ.

ಆಮೇಲೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಆ ದಿನಗಳನ್ನು ಮೊಟಕುಗೊಳಿಸುವ ಕೆಲಸ. ಐಸಿನ ಪೆಟ್ಟಿಗೆ ದೂರದ ಊರಿಗೆ ಹೋಗಿ ಕಾಯಬಾರದು, ಉತ್ತರ ಅದೇ ದಿನ, ಇದೇ ಮಹಡಿಯಲ್ಲಿ ಸಿಗಬೇಕು. ಸಿಕ್ಕಿತು. ಭಾಷಣಗಳಲ್ಲಿ ಇದನ್ನು ವೇಗ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಊಟಕ್ಕೆ ಕುಳಿತರೆ ಏಳದ ನನಗೆ ನೀವೆಲ್ಲ ನಿಧಾನಪ್ಪ ಎಂದು ಹೆಸರಿಟ್ಟಿದ್ದಿರಿ, ಈಗ ನೋಡು. ಒಮ್ಮೊಮ್ಮೆ ಗೆರೆಗಳು ಏಳುವುದನ್ನು ನೋಡುತ್ತ ಕುಳಿತಾಗ, ಇಂಥದ್ದೊಂದು ಯಂತ್ರ ಆಗ ಇದ್ದಿದ್ದರೆ ಅಪ್ಪನ ಕೊನೆಯ ಸವಾರಿ ಯಾವ ನಿಲ್ದಾಣದಲ್ಲಿ ನಿಂತುಬಿಡುತ್ತಿತ್ತು ಎಂದು ಲೆಕ್ಕ ಹಾಕುತ್ತೇನೆ. ಬಹುಶಃ ಡಿಪೋದಿಂದ ಹೊರಡುತ್ತಲೇ ಇರಲಿಲ್ಲ. ದರ್ಜಿ ಮಾತ್ರ ಯಾವುದಾದರೂ ಅಂಗಡಿಯಲ್ಲಿ ಇವತ್ತಿಗೂ ಯಾರದೋ ತೋಳು ಅಳೆಯುತ್ತಿರುತ್ತಿದ್ದ.

ಅಮ್ಮನ ಕಾಲದಲ್ಲಿ ಎಲ್ಲದಕ್ಕೂ ಕಾಯಬೇಕಾಗಿತ್ತು, ಕಾಯುವುದಕ್ಕೂ ಒಂದು ರೀತಿ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾವು ಅವಳ ಕುರ್ಚಿಯ ಕೆಳಗೆ ಕುಳಿತು, ಬೆಳಿಗ್ಗೆ ಬುಕ್ ಮಾಡಿದ ಕರೆ ಸಂಜೆ ಸಿಗುವುದನ್ನು ಕೇಳುತ್ತಿದ್ದೆವು. ಅಮ್ಮ ಹಗ್ಗದಂಥ ವೈರನ್ನು ತೂತಿಗೆ ಚುಚ್ಚಿ ‘ಲೈನಲ್ಲಿರಿ, ಕೊಡ್ತೀನಿ’ ಅಂದರೆ, ಆ ಕಡೆಯವರು ಎಷ್ಟು ಹೊತ್ತಾದರೂ ಇರುತ್ತಿದ್ದರು. ಈಗ ಅವಳಿಗೆ ಉಳಿದಿರುವ ಮಾತುಗಳಲ್ಲಿ ಅದೂ ಒಂದು. ಡಾಕ್ಟರಿಗೂ ಅದೇ, ಬೆಡ್‌ಶೀಟು ಬದಲಿಸುವವಳಿಗೂ ಅದೇ. ಕಳೆದ ವಾರ ಹೋದಾಗ ನನ್ನನ್ನು ಗುರುತಿಸಲಿಲ್ಲ, ಆದರೆ ಬಗ್ಗಿ ಗುಟ್ಟಿನಂತೆ ಕೇಳಿದಳು: ‘ಅವಳ ಲೈನ್ ಸಿಕ್ತೇನಪ್ಪಾ?’ ಅವಳು ಎಂದರೆ ನೀನು. ಡಾಕ್ಟರ್ ನನ್ನನ್ನು ವರಾಂಡಕ್ಕೆ ಕರೆದು ‘ಬರೋರನ್ನ ಬರೋಕೆ ಹೇಳಿ’ ಎಂದದ್ದು ಅವತ್ತೇ. ನಿನಗೆ ಬಾ ಎಂದು ಹೇಳಿದವನೂ ನಾನೇ.

ಕೊನೆಗೆ ಆರೋಗ್ಯಾಧಿಕಾರಿಗೆ ಫೋನು ಮಾಡಿದೆ. ಆಕೆ ಗಟ್ಟಿಗಿತ್ತಿ. ‘ಖಾತ್ರೀನಾ? ಖಾತ್ರಿ ಇದ್ರೆ ಮಾತ್ರ ಹೇಳಿ, ಗೇಟು ಹಾಕಿದ್ಮೇಲೆ ಅಯ್ಯೋ ಅಂದ್ರೆ ಆಗಲ್ಲ’ ಎಂದಳು. ಖಾತ್ರಿ ಎಂದೆ. ‘ನಿಮ್ಮ ತಾಯಿ ಅಲ್ಲೇ ಅಲ್ವಾ ಇರೋದು?’ ಹೌದು ಎಂದೆ. ಆಕೆ ಆಯಾಳ ವಯಸ್ಸು, ಅವಳು ಯಾವ ಕೋಣೆಗಳಿಗೆ ಹೋಗುತ್ತಾಳೆ ಎಂದು ಕೇಳಿ ಬರೆದುಕೊಂಡಳು. ನನಗೆ ಹೆಮ್ಮೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಕೈ ತೊಳೆದುಕೊಂಡೆ. ಅಷ್ಟು ಹೊತ್ತಿಗೆ ಬಣ್ಣದವರು ಗೋಡೆಯ ಒಂದು ಪಟ್ಟಿ ಮುಗಿಸಿದ್ದರು.

ನೀನು ಬೈಯುವುದಾದರೆ ಬೈ. ‘ನಿನ್ನ ಕೈಗೆ ಗಡಿಯಾರ ಕೊಟ್ಟರೆ ಮುಳ್ಳು ಕಿತ್ತು ಹಾಕ್ತೀಯ’ ಎಂದು ಹಿಂದೆ ಬೈದಂತೆ ಬೈ. ಅಪ್ಪನ ಹತ್ತಿರ ನೀನಿದ್ದೆ, ನಾನು ಕೆಲಸ ಕೆಲಸ ಎಂದು ಬಂದು ಹೋಗುತ್ತಿದ್ದೆ. ಅಮ್ಮನ ಹತ್ತಿರ ಇರಬೇಕಾದ ನಿನ್ನನ್ನು ನಾನೇ ತಡೆದಿದ್ದೇನೆ. ಇದನ್ನು ಸರಿ ಎನ್ನಲು ನನ್ನಲ್ಲಿ ಮಾತಿಲ್ಲ, ತಪ್ಪು ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಮನೆಯ ಬೀಗದ ಕೈ ಗೇಟಿನವನ ಹತ್ತಿರವೇ ಇದೆ. ಹೋಗಿ ಬಿಸಿನೀರಿನಲ್ಲಿ ಮಿಂದು ಮಲಗು. ಹಾಸಿಗೆ ಹಾಸಿಟ್ಟಿದ್ದೇನೆ, ಮಂಡಿಗೆ ಹಚ್ಚುವ ಎಣ್ಣೆ ಕಪಾಟಿನ ಮೇಲಿದೆ.

ನಿನ್ನ ಶಾಲೆಯ ಮಕ್ಕಳಿಗೆಲ್ಲ ನನ್ನ ನೆನಪು ಹೇಳು. ನಿನ್ನ ಆಶೀರ್ವಾದ ಇರಲಿ, ಈ ಸಲ ಅದನ್ನು ಕೇಳಿ ಪಡೆಯುತ್ತಿದ್ದೇನೆ.

ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಹರಿದು ಬರೆಯುತ್ತಿದ್ದೇನೆ, ಡ್ರೈವರ್ ಬಾಗಿಲಲ್ಲಿ ನಿಂತಿದ್ದಾನೆ. ಹಾಸ್ಟೆಲಿನವರೆಲ್ಲರ ಸ್ಯಾಂಪಲೂ ಬಂದವು. ಅಮ್ಮನದು ಈಗಷ್ಟೇ ಮುಗಿಯಿತು: ಮೂರರಲ್ಲಿ ಒಂದು ಗೆರೆಯೂ ಏಳಲಿಲ್ಲ. ಅವಳಿಗೆ ಹತ್ತಿಲ್ಲ. ಮೇಲಿನ ಮಹಡಿ ಪೂರ್ತಿ ಶುದ್ಧ. ಅಧಿಕಾರಿ ಫೋನು ಮಾಡಿದ್ದಳು. ಹತ್ತದವರ ಜೊತೆ ಮನೆಯವರು ಒಬ್ಬರು ಒಳಗೆ ಹೋಗಿ ಇರಬಹುದಂತೆ. ಹೋದವರು ಗೇಟು ತೆರೆಯುವ ತನಕ ಹೊರಗೆ ಬರುವ ಹಾಗಿಲ್ಲ. ನಾನು ಹೋದರೆ ಇಲ್ಲಿ ಆ ಹುಡುಗಿ ಒಬ್ಬಳೇ. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಕೊಟ್ಟೆ. ಈ ಹೊಸದು ನಿನ್ನ ವಯಸ್ಸಿನವರನ್ನು ಏನು ಮಾಡುತ್ತದೆಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಬೇಡವೆನ್ನಿಸಿದರೆ ಬೀಗದ ಕೈ ಇಸಿದುಕೊಂಡು ಮನೆಗೆ ಹೋಗು, ನಾನು ಒಂದು ಮಾತೂ ಆಡುವುದಿಲ್ಲ. ಹೋಗುವುದಾದರೆ ಗೇಟಿನ ಪಕ್ಕದ ಡೇರೆಯಲ್ಲಿ ಮೊದಲು ಮೂಗಿಗೆ ಕಡ್ಡಿ ಹಾಕುತ್ತಾರೆ. ಹಾಕುವವಳ ಕೈ ಒರಟು, ಸ್ವಲ್ಪ ತಾಳಿಕೋ. ಆ ಕಡ್ಡಿ ಇಟ್ಟ ನಳಿಗೆ ನನ್ನ ಮೇಜಿಗೇ ಬರುತ್ತದೆ. ಅಲ್ಲಿಯವರೆಗೆ ಡೇರೆಯಲ್ಲೇ ಕೂತಿರು, ಸಂಜೆಯೊಳಗೆ ಹೇಳುತ್ತೇನೆ.